ಚಪಾತಿ ಬಿಟ್ಟರೂ ಸೀಲಿಯಾಕ್ ಹತೋಟಿಗೆ ಬರುತ್ತಿಲ್ಲ, ಏನು ಮಾಡಬೇಕು?

ನಿಮ್ಮ ತಂಗಿಗೆ ಸೀಲಿಯಾಕ್ (ಗೋಧಿಯಂಥ ಧಾನ್ಯ ಕರುಳಿಗೆ ಆಗದ ಕಾಯಿಲೆ) ಎಂದು ಗೊತ್ತಾಗಿ ನಾಲ್ಕು ತಿಂಗಳಾಗಿದೆ, ಥೈರಾಯ್ಡ್ ತೊಂದರೆಯೂ ಇದೆ, ಚಪಾತಿ ಬಿಟ್ಟಿದ್ದಾರೆ, ಆದರೂ ಹೊಟ್ಟೆಯುಬ್ಬರ ಮತ್ತು ಸುಸ್ತು ಇಳಿದಿಲ್ಲ, ಗಂಡನ ಮನೆಯವರು "ಒಂದು ತುತ್ತು ತಿಂದರೆ ಏನಾಗುತ್ತದೆ" ಎನ್ನುತ್ತಾರೆ ಎಂದು ಬರೆದಿದ್ದೀರಿ. ಓದುತ್ತಿದ್ದಂತೆ ನನ್ನ ಮೊದಲ ವರ್ಷವೇ ಕಣ್ಣ ಮುಂದೆ ಬಂದಿತು. ನಾನು ಧಾರವಾಡದವಳು. ಒಂಬತ್ತು ವರ್ಷಗಳಿಂದ ಈ ಕಾಯಿಲೆಯೊಂದಿಗೆ ಬದುಕುತ್ತಿದ್ದೇನೆ. ವೈದ್ಯಳಲ್ಲ, ಅನುಭವದಿಂದ ಬರೆಯುತ್ತಿದ್ದೇನೆ.

ನನಗೆ ಕಾಯಿಲೆ ಪತ್ತೆಯಾಗುವ ಮೊದಲು ಆರು ವರ್ಷ ಕಬ್ಬಿಣಾಂಶದ ಮಾತ್ರೆ ನುಂಗಿದ್ದೆ. ಹಿಮೋಗ್ಲೋಬಿನ್ ಎಂಟರ ಮೇಲೆ ಏರುತ್ತಿರಲಿಲ್ಲ. "ಹೆಣ್ಣುಮಕ್ಕಳಿಗೆ ಇದು ಇದ್ದದ್ದೇ" ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ನಂಬಿದ್ದೆ. ಕೊನೆಗೆ ಒಬ್ಬ ವೈದ್ಯೆ, ಸೀಲಿಯಾಕ್ ಇದ್ದರೆ ರಕ್ತದಲ್ಲಿ ಏರುವ ಪ್ರತಿಕಾಯವನ್ನು ಅಳೆಯುವ ಟಿಟಿಜಿ ರಕ್ತಪರೀಕ್ಷೆ ಬರೆದುಕೊಟ್ಟರು, ಆಮೇಲೆ ಎಂಡೋಸ್ಕೋಪಿ ಮಾಡಿಸಿ ಸಣ್ಣ ಕರುಳಿನ ಚೂರನ್ನು ಪರೀಕ್ಷೆಗೆ ಕಳುಹಿಸಿದರು. ಕರುಳಿನ ಒಳಗೋಡೆಯಲ್ಲಿ ಮಖಮಲ್ಲಿನ ನವಿರಿನಂತೆ ನಿಂತು ಆಹಾರದ ಸಾರವನ್ನು ಹೀರಿಕೊಳ್ಳುವ ಎಳೆಗಳು ನನ್ನಲ್ಲಿ ಸವೆದು ಚಪ್ಪಟೆಯಾಗಿದ್ದವು. ಗೋಧಿ, ಬಾರ್ಲಿ ಮತ್ತು ರೈ ಎಂಬ ಧಾನ್ಯದಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಒಳಗೆ ಹೋದಾಗಲೆಲ್ಲ ನಮ್ಮ ರೋಗನಿರೋಧಕ ಶಕ್ತಿ ನಮ್ಮ ಕರುಳಿನ ಮೇಲೆಯೇ ತಿರುಗಿ ಬೀಳುತ್ತದೆ. ಹೀರುವ ಗೋಡೆಯೇ ಸವೆದಿದ್ದರೆ ಎಷ್ಟು ಮಾತ್ರೆ ನುಂಗಿದರೂ ರಕ್ತಕ್ಕೆ ಸೇರುವುದು ಅಷ್ಟಕ್ಕಷ್ಟೇ.

ರೊಟ್ಟಿ ತಿನ್ನುವ ಸೀಮೆಯವಳಾದ ನನಗೆ ಚಪಾತಿ ಬಿಡುವುದು ಕಷ್ಟವಾಗಲಿಲ್ಲ. ಎರಡು ಹೊತ್ತೂ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ, ಮೊಸರು. ಆದರೂ ಆರು ತಿಂಗಳ ನಂತರ ಟಿಟಿಜಿ ಹೆಚ್ಚುಕಡಿಮೆ ಅಲ್ಲೇ ಇತ್ತು. ಅವತ್ತು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಅತ್ತಿದ್ದೇನೆ.

ಕಾರಣ ಎರಡು ಕಡೆ ಸಿಕ್ಕಿತು. ಒಂದು, ಗಿರಣಿ. ನನ್ನ ಜೋಳ ಬೀಸಿಸಲು ಹೋದಾಗ ಸರದಿಯಲ್ಲಿ ಮುಂದಿದ್ದವರ ಗೋಧಿ ಹಿಟ್ಟು ಇನ್ನೂ ಬಟ್ಟೆಯ ಗವುಸಿನಿಂದ ಉದುರುತ್ತಿತ್ತು, ಅದರ ಬೆನ್ನಿಗೇ ನನ್ನ ಜೋಳ ಸುರಿದರು. ರುಚಿ ಕೆಡಬಾರದೆಂದು ನಮ್ಮ ಹಿರಿಯರು "ಜೋಳದ ಮೇಲೆ ಜೋಳ ಬೀಸು" ಎಂದು ಕಾದು ಕೂರುತ್ತಿದ್ದರು. ನಮ್ಮಂಥವರಿಗೆ ಅಷ್ಟೂ ಸಾಲದು. ನಾನು ಮನೆಯಲ್ಲೇ ಬೀಸುವ ಚಿಕ್ಕ ಯಂತ್ರ ತಂದೆ. ಅದರಲ್ಲಿ ಜೋಳ, ಅಕ್ಕಿ, ರಾಗಿ ಬಿಟ್ಟರೆ ಬೇರೇನೂ ಬೀಳುವುದಿಲ್ಲ. ಬೀಸುವ ಮುನ್ನ ಕಾಳನ್ನು ಮೊರದಲ್ಲಿ ಹರಡಿ ಆರಿಸುತ್ತೇನೆ. ನಮ್ಮ ಕಡೆ ಹಿಂಗಾರಿಯಲ್ಲಿ ಜೋಳ, ಗೋಧಿ ಎರಡನ್ನೂ ಬೆಳೆಯುತ್ತಾರೆ, ಚೀಲದಲ್ಲಿ ನಾಲ್ಕಾರು ಗೋಧಿ ಕಾಳು ಇದ್ದೇ ಇರುತ್ತವೆ. ದುಂಡನೆಯ ಬಿಳಿ ಜೋಳದ ನಡುವೆ ಹೊಟ್ಟೆ ಸೀಳಿದ ಉದ್ದನೆಯ ಕಂದು ಕಾಳು ಬೇಗ ಕಣ್ಣಿಗೆ ಬೀಳುತ್ತದೆ.

ಇನ್ನೊಂದು, ಇಂಗು. ದಯವಿಟ್ಟು ಈಗಲೇ ಎದ್ದು ಅವರ ಮನೆಯ ಇಂಗಿನ ಡಬ್ಬಿ ತಿರುಗಿಸಿ ಓದಲು ಹೇಳಿ. ಅಂಗಡಿಯಲ್ಲಿ ಸಿಗುವುದು ಬಹುತೇಕ ಶುದ್ಧ ಇಂಗಲ್ಲ, ಗೋಂದು ಮತ್ತು ಹಿಟ್ಟು ಬೆರೆಸಿದ್ದು, ಆ ಹಿಟ್ಟು ಹೆಚ್ಚಾಗಿ ಗೋಧಿಯದು. ಸಾರು, ಒಗ್ಗರಣೆ, ಉಪ್ಪಿನಕಾಯಿ, ಚಟ್ನಿಪುಡಿ ಎಲ್ಲದರಲ್ಲೂ ಚಿಟಿಕೆ ಚಿಟಿಕೆಯಾಗಿ ನಾನು ದಿನವೂ ಗೋಧಿ ತಿನ್ನುತ್ತಿದ್ದೆ. ಅಕ್ಕಿ ಹಿಟ್ಟು ಬೆರೆಸಿದ ಇಂಗು ಸಿಗುತ್ತದೆ, ಹುಡುಕಿ ತರಿಸಿ.

ಗಂಡನ ಮನೆಯವರ ಆ "ಒಂದು ತುತ್ತು" ಇದೆಯಲ್ಲ, ಅದಕ್ಕೆ ಹೀಗೆ ಉತ್ತರಿಸಿ. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಹೊಟ್ಟೆಗೆ ಹೋದರೆ ಕರುಳಿಗೆ ಹಾನಿಯಾಗುತ್ತದೆ ಎಂದು ಅಧ್ಯಯನದಲ್ಲಿ ಕಂಡುಬಂದಿದೆ. ಒಂದು ಚಪಾತಿಯಲ್ಲಿ ಎರಡು ಮೂರು ಗ್ರಾಂ ಗ್ಲುಟೆನ್ ಇರುತ್ತದೆ. ಅಂದರೆ ಉಗುರಿನಷ್ಟು ಚೂರು ಸಾಕು. ಕಪ್ಲಿ ಗೋಧಿ, ಸಾವಯವ ಗೋಧಿ, ಉರಿಮೂತ್ರಕ್ಕೆಂದು ಕೊಡುವ ಬಾರ್ಲಿ ನೀರು, ಬಾರ್ಲಿ ಮಾಲ್ಟ್ ಹಾಕಿದ ಪೇಯದ ಪುಡಿ, ಯಾವುದೂ ಆಗದು. ಇದು ಈಗಿನವರ ಹುಚ್ಚು ಎಂದು ಯಾರಾದರೂ ಅಂದರೆ ಡಿಕೆ ಎಂಬ ಡಚ್ ಮಕ್ಕಳ ವೈದ್ಯರ ವಿಷಯ ಹೇಳಿ. ಗೋಧಿಯೇ ಕಾರಣವೆಂದು ಅವರು ಮಹಾಪ್ರಬಂಧ ಬರೆದದ್ದು 1950ರಲ್ಲಿ.

ನಮ್ಮ ಅತ್ತೆಯೂ ಮೊದಲು ನಂಬಲಿಲ್ಲ. ಸತ್ಯನಾರಾಯಣ ಪೂಜೆಯ ದಿನ ರವೆಯ ಪ್ರಸಾದವನ್ನು ನಾನು ಕಣ್ಣಿಗೊತ್ತಿಕೊಂಡು ಪಕ್ಕಕ್ಕೆ ಇಟ್ಟಾಗ ಅವರಿಗೆ ತುಂಬ ನೋವಾಯಿತು, ನನಗೂ. ಮುಂದಿನ ಸಲ ಆಸ್ಪತ್ರೆಗೆ ಅವರನ್ನೇ ಕರೆದುಕೊಂಡು ಹೋದೆ. ವೈದ್ಯೆ ಕರುಳಿನ ಚಿತ್ರ ತೋರಿಸಿದರು. ಮನೆಗೆ ಬಂದ ಅತ್ತೆ ಏನೂ ಮಾತಾಡದೆ ನನ್ನ ಸೌಟು, ಜಾಲರಿ, ಲಟ್ಟಣಿಗೆಗೆ ಕೆಂಪು ದಾರ ಕಟ್ಟಿದರು. ಈಗ ಪೂಜೆಗೆ ನನ್ನ ಪಾಲಿನದು ಅಕ್ಕಿ ತರಿಯ ಸಜ್ಜಿಗೆ, ಹೋಳಿಗೆಯ ದಿನ ಅದೇ ಹೂರಣದ ಅಕ್ಕಿ ಹಿಟ್ಟಿನ ಕಡುಬು. ನಿಮ್ಮ ತಂಗಿಯ ಅತ್ತೆಯನ್ನೂ ಒಮ್ಮೆ ವೈದ್ಯರ ಎದುರು ಕೂರಿಸಿ. ಸೊಸೆ ನೂರು ಸಲ ಹೇಳಿದ್ದಕ್ಕಿಂತ ಅದು ನಾಟುತ್ತದೆ.

ಥೈರಾಯ್ಡ್ ಬಗ್ಗೆ. ನನಗಿರುವುದು ಹಶಿಮೊಟೊ, ಅಂದರೆ ರೋಗನಿರೋಧಕ ಶಕ್ತಿ ಥೈರಾಯ್ಡ್ ಗ್ರಂಥಿಯ ಮೇಲೆಯೇ ತಿರುಗಿ ಬೀಳುವ ಕಾಯಿಲೆ. ಸೀಲಿಯಾಕ್‌ನಂತೆ ಅದೂ ಆಟೊಇಮ್ಯೂನ್ ಕಾಯಿಲೆಯೇ. ಇವೆರಡೂ ಒಬ್ಬರಲ್ಲೇ ಕಾಣಿಸಿಕೊಳ್ಳುವುದು ಸಾಮಾನ್ಯ, ಟೈಪ್ 1 ಮಧುಮೇಹವೂ ಹಾಗೆಯೇ ಜೊತೆಗೂಡಬಹುದು. ಥೈರಾಯ್ಡ್ ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡು, ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ ಬಿಡಬೇಕು. ಕರುಳು ಚೇತರಿಸಿಕೊಂಡಂತೆ ಮಾತ್ರೆಯ ಪ್ರಮಾಣ ಇಳಿಸಬೇಕಾಗಿ ಬರಬಹುದು. ನನಗೆ ಎದೆ ಡವಗುಟ್ಟಿ ನಿದ್ದೆ ಬಾರದಿದ್ದಾಗ ಥೈರಾಯ್ಡ್ ಮಾತ್ರೆ ಹೆಚ್ಚೋ ಕಡಿಮೆಯೋ ಎಂದು ರಕ್ತದಲ್ಲಿ ತಿಳಿಸುವ ಟಿಎಸ್‌ಎಚ್ ನೋಡಿಸಿದೆ, 125 ಮೈಕ್ರೋಗ್ರಾಂ ಇದ್ದದ್ದನ್ನು 100ಕ್ಕೆ ಇಳಿಸಿದರು. ವಿಟಮಿನ್ ಡಿ, ಬಿ12 ಮತ್ತು ಮೂಳೆಯ ಸಾಂದ್ರತೆಯನ್ನೂ ವೈದ್ಯರ ಬಳಿ ಕೇಳಿ ನೋಡಿಸಿ. ಮೊದಲ ಕೆಲವು ತಿಂಗಳು ಹಾಲು ಒಗ್ಗದೆಯೂ ಹೊಟ್ಟೆ ಉಬ್ಬರಿಸಬಹುದು, ಕರುಳು ಮಾಗಿದ ಮೇಲೆ ಸಾಮಾನ್ಯವಾಗಿ ಸರಿಹೋಗುತ್ತದೆ.

ನಾಲ್ಕು ತಿಂಗಳು ಬಹಳ ಕಡಿಮೆ ಕಾಲ. ಗಿರಣಿ, ಇಂಗು ಸರಿಪಡಿಸಿದ ಮೇಲೂ ನನ್ನ ಟಿಟಿಜಿ ಮಾಮೂಲಿಗೆ ಬರಲು ಒಂದೂವರೆ ವರ್ಷ ಹಿಡಿಯಿತು. ಹಿಮೋಗ್ಲೋಬಿನ್ ಹನ್ನೆರಡು ದಾಟಿದ ವರದಿಯನ್ನು ಇಂದಿಗೂ ಕಪಾಟಿನಲ್ಲಿ ಇಟ್ಟುಕೊಂಡಿದ್ದೇನೆ.

ಕೊನೆಯದಾಗಿ ನಿಮಗೇ ಒಂದು ಮಾತು. ಒಡಹುಟ್ಟಿದವರಲ್ಲಿ ಹತ್ತು ಜನಕ್ಕೆ ಸುಮಾರು ಒಬ್ಬರಿಗೆ ಈ ಕಾಯಿಲೆ ಇರುವ ಸಂಭವವಿದೆ, ಏನೂ ತೊಂದರೆ ಕಾಣದಿದ್ದರೂ. ನೀವೂ ಟಿಟಿಜಿ ಪರೀಕ್ಷೆ ಮಾಡಿಸಿಕೊಳ್ಳಿ. ತಂಗಿಯ ಜೊತೆಗಿರಲೆಂದು ನೀವು ಗೋಧಿ ಬಿಡುವ ಯೋಚನೆಯಲ್ಲಿದ್ದರೆ ಪರೀಕ್ಷೆ ಮುಗಿಯುವ ತನಕ ಬಿಡಬೇಡಿ, ಬಿಟ್ಟರೆ ರಕ್ತದಲ್ಲಿ ಕಾಯಿಲೆಯ ಸುಳಿವು ಸಿಗದೆ ಹೋಗಬಹುದು.