ಹೊಸಬರೇ ಹೆಚ್ಚಿದ್ದಾಗ ಯಾವ ಕಾಂಟ್ರಾ ಆರಿಸಬೇಕು?
ಅರ್ಧಕ್ಕಿಂತ ಹೆಚ್ಚು ಜನ ಮೊದಲ ಸಲ ಕುಣಿಯುವವರಿದ್ದರೆ ಯಾವ ಕಾಂಟ್ರಾ (ಎದುರುಬದುರಾದ ಎರಡು ಉದ್ದ ಸಾಲುಗಳಲ್ಲಿ ಜೋಡಿಗಳು ಕುಣಿಯುವ ಸಮೂಹ ನೃತ್ಯ) ಸೂಕ್ತ ಎಂದು ಕೇಳಿದ್ದೀರಿ. ಹೆಜ್ಜೆ ಸುಲಭವೇ ಎನ್ನುವುದಕ್ಕಿಂತ, ಮುಂದಿನ ಜೋಡಿಯತ್ತ ಸಾಗುವ ಘಳಿಗೆ ಸ್ಪಷ್ಟವಾಗಿದೆಯೇ ಎಂಬುದನ್ನು ಮೊದಲು ನೋಡಿ. ಸಾಲು ಒಡೆಯುವುದು ಹೆಚ್ಚಾಗಿ ಅಲ್ಲೇ.

ಒಂದು ಆವರ್ತನದ 64 ಎಣಿಕೆಗೆ ಈ ಜೋಡಣೆ ಚೆನ್ನಾಗಿ ಕೂರುತ್ತದೆ: ಪಕ್ಕದ ಜೋಡಿಯವರೊಂದಿಗೆ ಡೋಸಿಡೋ (ಬೆನ್ನಿಗೆ ಬೆನ್ನಾಗಿ ಒಬ್ಬರನ್ನೊಬ್ಬರು ಸುತ್ತಿ ಬರುವುದು) 8, ಸ್ವಿಂಗ್ (ಇಬ್ಬರೂ ಹಿಡಿದುಕೊಂಡು ಗಿರಗಿರನೆ ತಿರುಗುವುದು) 8, ಉದ್ದ ಸಾಲುಗಳು ಮುಂದಕ್ಕೆ-ಹಿಂದಕ್ಕೆ 8, ಎರಡು ಜೋಡಿಯ ನಾಲ್ವರು ಕೈಹಿಡಿದು ಎಡಕ್ಕೆ ಮುಕ್ಕಾಲು ಸುತ್ತು 8, ಸಂಗಾತಿಯೊಂದಿಗೆ ಬ್ಯಾಲೆನ್ಸ್ (ಕೈಹಿಡಿದು ಮುಂದೆ-ಹಿಂದೆ ತೂಗುವುದು) 4, ಸ್ವಿಂಗ್ 12, ಮತ್ತೆ ಮುಕ್ಕಾಲು ಸುತ್ತು 8, ವೃತ್ತದಲ್ಲೇ ಬ್ಯಾಲೆನ್ಸ್ 4, ಎದುರಿನವರನ್ನು ದಾಟಿ ಹೊಸ ಜೋಡಿಗೆ 4.

ಇಲ್ಲಿ ಕೆಡುವುದು ಸ್ವಿಂಗ್‌ನ ಕೊನೆ. ಮಹಿಳೆಯ ಪಾತ್ರದವರು ಬಲಕ್ಕೆ ನಿಲ್ಲದಿದ್ದರೆ ಮುಂದಿನ ಸುತ್ತಿನಲ್ಲಿ ಯಾರೂ ತಮ್ಮ ಜಾಗಕ್ಕೆ ಬರುವುದಿಲ್ಲ. ಆದ್ದರಿಂದ ನಡಿಗೆಯ ಅಭ್ಯಾಸದಲ್ಲಿ ಅದನ್ನೇ ಎರಡು ಸಲ ಮಾಡಿಸಿ. ತುದಿ ತಲುಪಿದ ಜೋಡಿ ಒಂದು ಆವರ್ತನ ಕಾಯಬೇಕು, ಸಂಗಾತಿಯೊಂದಿಗೆ ಜಾಗ ಬದಲಿಸಿಕೊಂಡು ಒಳಮುಖವಾಗಿ ನಿಲ್ಲಬೇಕು; ಇದನ್ನು ಸಂಗೀತ ಶುರುವಾಗುವ ಮುನ್ನವೇ ಹೇಳಿ.

ಹೇ (ಒಬ್ಬರನ್ನೊಬ್ಬರು ಹೆಣೆದಂತೆ ದಾಟುವ ಚಲನೆ), ಕಾಂಟ್ರಾ ಕಾರ್ನರ್ಸ್ (ಸಂಗಾತಿಯನ್ನೂ ಮೂಲೆಯವರನ್ನೂ ಸರದಿಯಂತೆ ಕೈಹಿಡಿದು ತಿರುಗುವ ಚಲನೆ), ನಾಲ್ವರ ಗುಂಪು ಬಿಟ್ಟು ಹೊರಗಿನವರನ್ನು ಹುಡುಕಿಸುವ ನೃತ್ಯಗಳು ಆ ಸಂಜೆಗೆ ಬೇಡವೇ ಬೇಡ. ಚೈನ್ (ಮಹಿಳೆಯ ಪಾತ್ರದ ಇಬ್ಬರು ಬಲಗೈ ಹಿಡಿದು ಎದುರು ಬದಿಗೆ ದಾಟುವುದು) ಬೇಕಿದ್ದರೆ ಮೂರನೆಯದೋ ನಾಲ್ಕನೆಯದೋ ನೃತ್ಯದಲ್ಲಿ ತನ್ನಿ. ಹಳಬರನ್ನು ಒಂದೇ ಸಾಲಿನಲ್ಲಿ ಗುಡ್ಡೆಯಾಗಲು ಬಿಡಬೇಡಿ.