ಒಲಿಂಪಿಕ್ಸ್‌ನಲ್ಲಿ ಯಾವ ಆಟ ಇರಬೇಕು, ಯಾವುದು ಬೇಡ?

ಪ್ರಶ್ನೆ: ಪ್ರತಿ ಸಲ ಒಲಿಂಪಿಕ್ಸ್ ಬಂದಾಗಲೂ ನಮ್ಮ ಭಾವನಿಗೂ ನನಗೂ ಇದೇ ಜಗಳ. ಗಡಿಯಾರ, ಟೇಪು, ಗೋಲು ನೋಡಿ ಗೆದ್ದವರನ್ನು ಹೇಳಬಹುದಾದ ಆಟಗಳು ಮಾತ್ರ ಇರಬೇಕು ಅಂತಾರೆ ಅವರು. ತೀರ್ಪುಗಾರರು ಕೂತು ಅಂಕ ಹಾಕುವ ಜಿಮ್ನಾಸ್ಟಿಕ್ಸ್, ಡೈವಿಂಗ್, ಸ್ಕೇಟ್‌ಬೋರ್ಡಿಂಗ್ ಎಲ್ಲ ತೆಗೆದು ಹಾಕಬೇಕಂತೆ. ನನಗೆ ಒಪ್ಪಿಗೆಯಾಗುವುದಿಲ್ಲ, ಆದರೆ ತಿರುಗಿ ಹೇಳಲು ಮಾತು ಸಿಗುತ್ತಿಲ್ಲ. ನೀವಾದರೆ ಯಾವುದನ್ನು ಅಳತೆಗೋಲು ಮಾಡಿಕೊಳ್ಳುತ್ತೀರಿ?

ಉತ್ತರ: ನಿಮ್ಮ ಭಾವನವರ ವಾದವನ್ನು ನಾನೂ ಬಹಳ ವರ್ಷ ನಂಬಿದ್ದೆ. ಅದನ್ನು ಕೈಬಿಟ್ಟಿದ್ದು ನಡಿಗೆ ಸ್ಪರ್ಧೆಯ ತೀರ್ಪುಗಾರನಾಗಿ ರಸ್ತೆ ಬದಿ ನಿಲ್ಲಲು ಶುರು ಮಾಡಿದ ಮೇಲೆ.

ಅಲ್ಲೂ ಗಡಿಯಾರ ಇದೆ, ಮೊದಲು ಗುರಿ ಮುಟ್ಟಿದವರೇ ಗೆದ್ದವರು. ಅಲ್ಲಿಗೆ ಮುಗೀತು ಅಲ್ವಾ? ಮುಗಿಯೋದಿಲ್ಲ. ಒಂದು ಪಾದವಾದರೂ ಯಾವಾಗಲೂ ನೆಲದ ಮೇಲಿರಬೇಕು. ಮುಂದಿಟ್ಟ ಕಾಲು ನೆಲ ಮುಟ್ಟಿದ ಕ್ಷಣದಿಂದ ಮೈಭಾರ ಅದರ ಮೇಲೆ ನೆಟ್ಟಗೆ ಬರುವ ತನಕ ಮಂಡಿ ಬಗ್ಗಬಾರದು. ಇದನ್ನು ಹಿಡಿಯುವುದು ಕ್ಯಾಮೆರಾ ಅಲ್ಲ, ಬರಿಗಣ್ಣು. ಗುಂಪಾಗಿ ಬರುತ್ತಾರೆ, ನಮ್ಮ ಮುಂದೆ ದಾಟಿ ಹೋಗಲು ಅವರಿಗೆ ಕೆಲವೇ ಸೆಕೆಂಡು ಸಾಕು, ಅಷ್ಟರೊಳಗೆ ಎಲ್ಲರ ಮಂಡಿ, ಎಲ್ಲರ ಪಾದ ನೋಡಿ ಮುಗಿಸಬೇಕು. ಅನುಮಾನ ಬಂದರೆ ಹಳದಿ ಫಲಕ ತೋರಿಸುತ್ತೇವೆ. ಅದರ ಮೇಲೆ ಅಲೆಯಂಥ ಗೆರೆ ಇದ್ದರೆ ಎರಡೂ ಪಾದ ನೆಲ ಬಿಟ್ಟಿವೆ ಅಂತ, ಮೂಲೆ ತಿರುಗಿದ ಗುರುತಿದ್ದರೆ ಮಂಡಿ ಬಗ್ಗಿದೆ ಅಂತ. ತಪ್ಪು ಖಚಿತವಾದರೆ ಕೆಂಪು ಕಾರ್ಡ್ ಬರೆದು ಮುಖ್ಯ ತೀರ್ಪುಗಾರರಿಗೆ ಕಳಿಸುತ್ತೇವೆ. ಮೂವರು ಬೇರೆ ಬೇರೆ ತೀರ್ಪುಗಾರರು ಹೀಗೆ ಬರೆದರೆ ಆ ಸ್ಪರ್ಧಿ ಹೊರಗೆ, ಇಲ್ಲವೇ ಸ್ಪರ್ಧೆಯ ನಿಯಮ ನೋಡಿಕೊಂಡು ದಂಡದ ಜಾಗದಲ್ಲಿ ನಿಂತು ಸಮಯ ಕಳೆಯಬೇಕು. ಅಂದರೆ ಗಡಿಯಾರದ ಮಾತಿಗೆ ಬೆಲೆ ಬರುವುದು ಈ ಕಣ್ಣುಗಳು ಒಪ್ಪಿದ ಮೇಲೆ.

ಆಮೇಲೆ ಬೇರೆ ಆಟಗಳನ್ನೂ ಹಾಗೇ ನೋಡುತ್ತಾ ಹೋದೆ. ಫುಟ್‌ಬಾಲ್‌ನ ಪೆನಾಲ್ಟಿ, ಕುಸ್ತಿಯ ಅಂಕ, ಬಾಕ್ಸಿಂಗ್‌ನ ಸುತ್ತು, ಹಾಕಿಯ ಪೆನಾಲ್ಟಿ ಕಾರ್ನರ್, ಎಲ್ಲದರೊಳಗೂ ಒಬ್ಬ ಮನುಷ್ಯನ ತೀರ್ಮಾನ ಕೂತಿದೆ. ಗೆರೆ ಎಳೆಯಬೇಕಾದ್ದು ಅಲ್ಲಿ ಅಲ್ಲ. ತೀರ್ಮಾನದ ನಿಯಮ ನೋಡುವವರಿಗೆ ಮೊದಲೇ ತಿಳಿಯುವಂತಿದೆಯಾ, ತಪ್ಪಾದರೆ ಆಗಲೇ ತಿದ್ದಲು ದಾರಿ ಇದೆಯಾ, ನಾನು ಕೇಳುವುದು ಇಷ್ಟು.

1992ರ ಬಾರ್ಸಿಲೋನಾದ ಒಂದು ಘಟನೆ ಹೇಳ್ತೀನಿ. ಆಗ ಸಿಂಕ್ರನೈಸ್ಡ್ ಈಜಿನಲ್ಲಿ, ಅಂದರೆ ಸಂಗೀತಕ್ಕೆ ತಕ್ಕಂತೆ ನೀರಿನಲ್ಲಿ ನರ್ತಿಸುವ ಆಟದಲ್ಲಿ, ಒಬ್ಬರೇ ಸ್ಪರ್ಧಿಸುವ ವಿಭಾಗ ಇತ್ತು. ಕೆನಡಾದ ಸಿಲ್ವಿ ಫ್ರೆಶೆಟ್‌ಗೆ ಒಬ್ಬ ತೀರ್ಪುಗಾರ್ತಿ 9.7 ಕೊಡಲು ಹೋಗಿ 8.7 ಒತ್ತಿಬಿಟ್ಟರು. ತಪ್ಪು ಅಂತ ಅವರಿಗೇ ಗೊತ್ತಾಯಿತು, ಸರಿಪಡಿಸಲು ಒದ್ದಾಡಿದರು, ಅಷ್ಟರಲ್ಲಿ ಅಂಕ ಹೊರಗೆ ಬಂದಾಗಿತ್ತು. ಆ ತಪ್ಪು ಹಾಗೇ ಉಳಿಯಿತು, ಚಿನ್ನ ಅಮೆರಿಕದ ಸ್ಪರ್ಧಿಗೆ ಹೋಯಿತು. ಫ್ರೆಶೆಟ್‌ಗೂ ಚಿನ್ನ ಸಲ್ಲಬೇಕು ಅಂತ ಒಪ್ಪಿಕೊಂಡಿದ್ದು 1993ರಲ್ಲಿ. ವರ್ಷಗಟ್ಟಲೆ ನೀರಿನಲ್ಲಿ ಉಸಿರು ಕಟ್ಟಿ ಅಭ್ಯಾಸ ಮಾಡಿದವಳ ಪದಕ ಒಂದು ಗುಂಡಿಯಿಂದ ತಪ್ಪಿತು ಅಂದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಅದರಲ್ಲಿ ಆಟದ ತಪ್ಪೇನೂ ಇಲ್ಲ. ತಪ್ಪು ತಿದ್ದುವ ಬಾಗಿಲು ಇಡದೇ ಇದ್ದ ವ್ಯವಸ್ಥೆಯದು.

ಟೋಕಿಯೊ ಕರಾಟೆಯನ್ನೂ ನೆನೆಸಿಕೊಳ್ಳಿ. 75 ಕೆ.ಜಿ. ಮೇಲ್ಪಟ್ಟ ಪುರುಷರ ಫೈನಲ್‌ನಲ್ಲಿ ಮುಂದಿದ್ದ ಸೌದಿಯ ತಾರೆಗ್ ಹಮೇದಿ ತಲೆಗೆ ಒದ್ದರು, ಇರಾನಿನ ಸಜ್ಜಾದ್ ಗಂಜ್‌ಜಾದೆ ಪ್ರಜ್ಞೆ ತಪ್ಪಿ ಬಿದ್ದರು. ಹಮೇದಿ ಅನರ್ಹ, ಪ್ರಜ್ಞೆ ತಪ್ಪಿದವರಿಗೆ ಚಿನ್ನ. ಆ ಪದ್ಧತಿಯ ಕರಾಟೆಯಲ್ಲಿ ಏಟಿನ ಬಲ ಹಿಡಿತದಲ್ಲಿರಬೇಕು, ಹಾಗಾಗಿ ನಿಯಮದ ಪ್ರಕಾರ ಸರಿ. ಆದರೆ ಆ ನಿಯಮ ಎಷ್ಟು ಜನ ವೀಕ್ಷಕರಿಗೆ ಮೊದಲೇ ಗೊತ್ತಿತ್ತು? ಆಟ ಮುಗಿದ ಮೇಲೆ ಗೆದ್ದವರು ಯಾರು ಅಂತ ವಿವರಿಸಬೇಕಾಗಿ ಬಂದರೆ ಅದು ಆ ಆಟಕ್ಕೇ ನಷ್ಟ.

ಇನ್ನು ನನ್ನ ಅಳತೆಗೋಲು. ಕಷ್ಟದ ಆಟವಾ ಅಂತ ಕೇಳಬೇಡಿ, ಎಲ್ಲ ಆಟವೂ ಕಷ್ಟವೇ. ಆ ಆಟ ಆಡುವವರ ಬಾಳಿನಲ್ಲಿ ಒಲಿಂಪಿಕ್ಸ್ ಪದಕಕ್ಕಿಂತ ದೊಡ್ಡದು ಇನ್ನೊಂದು ಇದೆಯಾ ಅಂತ ಕೇಳಿ. ಇಲ್ಲ ಅಂದರೆ ಆ ಆಟಕ್ಕೆ ಜಾಗ ಸಿಗಲೇಬೇಕು. ಜೂಡೊ, ರೋಯಿಂಗ್, ಬಿಲ್ಲುಗಾರಿಕೆ, ವೇಟ್‌ಲಿಫ್ಟಿಂಗ್ ಮಾಡುವವರನ್ನು ಜಗತ್ತು ಕಣ್ಣರಳಿಸಿ ನೋಡುವುದು ನಾಲ್ಕು ವರ್ಷಕ್ಕೊಮ್ಮೆ.

ಜಾಗ ಅಳತೆ ಮಾಡಿಟ್ಟದ್ದು ಅನ್ನುವುದು ಇಲ್ಲಿ ಮುಖ್ಯ. ಬೇಸಿಗೆ ಒಲಿಂಪಿಕ್ಸ್‌ಗೆ ಸುಮಾರು 10,500 ಕ್ರೀಡಾಪಟುಗಳ ಮಿತಿ ಹಾಕಿಕೊಂಡಿದ್ದಾರೆ. ಒಬ್ಬರು ಒಳಗೆ ಬಂದರೆ ಇನ್ನೊಬ್ಬರು ಎಲ್ಲೋ ಹೊರಗೆ ಉಳಿಯುತ್ತಾರೆ. ಪ್ಯಾರಿಸ್‌ನಲ್ಲಿ ಪುರುಷರ ಫುಟ್‌ಬಾಲ್‌ಗೆ 16 ತಂಡ, ತಂಡಕ್ಕೆ 18 ಜನ, ಒಟ್ಟು 288. ಅದೇ ಕೂಟದಲ್ಲಿ ವೇಟ್‌ಲಿಫ್ಟಿಂಗ್‌ಗೆ ಗಂಡಸರು ಹೆಂಗಸರು ಸೇರಿ ಇಟ್ಟಿದ್ದು 120 ಜಾಗ. ವೇಟ್‌ಲಿಫ್ಟಿಂಗ್‌ನವರು ಉದ್ದೀಪನ ಮದ್ದಿನ ಹಗರಣಗಳಿಂದ ತಮ್ಮ ಜಾಗ ತಾವೇ ಕಳೆದುಕೊಂಡರು, ಅದು ನಿಜ. ಆದರೂ ಈ ಎರಡು ಸಂಖ್ಯೆ ಅಕ್ಕಪಕ್ಕ ಇಟ್ಟು ನೋಡಿದರೆ ನನಗೆ ಸಮಾಧಾನ ಆಗುವುದಿಲ್ಲ. ಪುರುಷರ ಫುಟ್‌ಬಾಲ್ ಅಲ್ಲಿ 23 ವರ್ಷದೊಳಗಿನವರ ಪಂದ್ಯಾವಳಿ, ದೊಡ್ಡ ವಯಸ್ಸಿನವರು ಮೂವರಿಗೆ ಮಾತ್ರ ಅವಕಾಶ. ಅವರ ದೊಡ್ಡ ಹಬ್ಬ ವಿಶ್ವಕಪ್. ಮಹಿಳಾ ಫುಟ್‌ಬಾಲ್‌ನ ಕತೆ ಬೇರೆ, ಅಲ್ಲಿ ವಯಸ್ಸಿನ ಮಿತಿ ಇಲ್ಲ, ಪೂರ್ತಿ ಬಲದ ತಂಡಗಳೇ ಬರುತ್ತವೆ. 2028ರ ಲಾಸ್ ಏಂಜಲೀಸ್‌ಗೆ ಮಹಿಳೆಯರ ತಂಡ 16, ಪುರುಷರದ್ದು 12 ಅಂತ ತೀರ್ಮಾನಿಸಿದ್ದಾರೆ. ಈ ಬದಲಾವಣೆ ನನಗೆ ತುಂಬಾ ಹಿಡಿಸಿತು.

ನನ್ನ ಅಳತೆಗೋಲಿಗೂ ಒಂದು ಏಟು ಬಿದ್ದಿದೆ, ಅದನ್ನೂ ಹೇಳಬೇಕು. ರಗ್ಬಿಗೆ ತನ್ನದೇ ವಿಶ್ವಕಪ್ ಇದೆ, ಹಾಗಾಗಿ ತಂಡಕ್ಕೆ ಏಳು ಜನ ಆಡುವ ರಗ್ಬಿ ಸೆವೆನ್ಸ್ ಯಾಕೆ ಬೇಕು ಅಂತ ನಾನೇ ವಾದ ಮಾಡಿದ್ದೆ. 2016ರಲ್ಲಿ ರಿಯೊ ಫೈನಲ್‌ನಲ್ಲಿ ಫಿಜಿ ತಂಡ ಬ್ರಿಟನ್ನನ್ನು 43-7ರಿಂದ ಸೋಲಿಸಿತು. 1956ರಿಂದ ಒಲಿಂಪಿಕ್ಸ್‌ಗೆ ಬರುತ್ತಿದ್ದ ಆ ಪುಟ್ಟ ದ್ವೀಪ ದೇಶಕ್ಕೆ ಅದೇ ಮೊದಲ ಪದಕ, ಅದೂ ಚಿನ್ನ. ಆಮೇಲೆ ನಾನು ಆ ವಾದ ಬಿಟ್ಟೆ. ಹೊಸ ಆಟದಿಂದ ಬೇರೆ ಯಾವುದೋ ದೇಶಕ್ಕೆ ಬಾಗಿಲು ತೆರೆಯುತ್ತದಾ ಅಂತಾನೂ ನೋಡಬೇಕು.

ಪ್ರಶ್ನೆ: ಕುಸ್ತಿಯನ್ನೇ ತೆಗೆಯಲು ಹೊರಟಿದ್ದರಂತೆ, ನಿಜವಾ? ಅಷ್ಟು ಪ್ರಾಚೀನ ಆಟವನ್ನು ಮುಟ್ಟುವ ಧೈರ್ಯ ಹೇಗೆ ಬಂತು?

ಉತ್ತರ: ನಿಜ. 2013ರ ಫೆಬ್ರುವರಿಯಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಕಾರ್ಯಕಾರಿ ಮಂಡಳಿ 2020ರ ಮುಖ್ಯ ಆಟಗಳ ಪಟ್ಟಿಯಿಂದ ಕುಸ್ತಿಯನ್ನು ಬಿಡಲು ಶಿಫಾರಸು ಮಾಡಿತು. ಆ ಸುದ್ದಿ ಓದಿದಾಗ ನನಗೂ ಸಿಟ್ಟು ಬಂದಿತ್ತು. ಆದರೆ ಆಗಿನ ನಿಯಮ ಒಮ್ಮೆ ನೋಡಿ. ಎರಡು ನಿಮಿಷದ ಮೂರು ಸುತ್ತು, ಪ್ರತಿ ಸುತ್ತಿನ ಲೆಕ್ಕ ಬೇರೆ ಬೇರೆ, ಎರಡು ಸುತ್ತು ಗೆದ್ದವರು ಪಂದ್ಯ ಗೆದ್ದರು. ಹಾಗಾಗಿ ಒಟ್ಟಾರೆ ಜಾಸ್ತಿ ಅಂಕ ಮಾಡಿದವರೂ ಸೋಲಬಹುದಿತ್ತು. ಫ್ರೀಸ್ಟೈಲ್‌ನಲ್ಲಿ ಸುತ್ತು ಸೊನ್ನೆ-ಸೊನ್ನೆ ಆದರೆ ರೆಫರಿ ಚೀಲದಿಂದ ಬಣ್ಣದ ಚೆಂಡು ಎತ್ತುತ್ತಿದ್ದರು. ಕೆಂಪು ಬಂದರೆ ಕೆಂಪು ಉಡುಪಿನವರಿಗೆ, ನೀಲಿ ಬಂದರೆ ನೀಲಿಯವರಿಗೆ ಎದುರಾಳಿಯ ಕಾಲು ಹಿಡಿದು ಶುರು ಮಾಡುವ ಅವಕಾಶ. ಕಾಲು ಕೈಗೆ ಸಿಕ್ಕ ಮೇಲೆ ಅರ್ಧ ಕೆಲಸ ಆದ ಹಾಗೇ. ಇಷ್ಟು ಬೆವರು ಸುರಿಸಿ ಕೊನೆಗೆ ಚೀಲದೊಳಗಿನ ಚೆಂಡಿನ ಮೇಲೆ ಭಾರ ಹಾಕಿದರೆ ಹೇಗೆ?

ಏಟು ಬಿದ್ದ ಮೇಲೆ ಕುಸ್ತಿಯವರು ಎದ್ದು ಕೂತರು. ಒಕ್ಕೂಟದ ಅಧ್ಯಕ್ಷರು ಹೋದರು, ಹೊಸಬರು ಬಂದರು. ಚೆಂಡು ಎತ್ತುವುದು ನಿಂತಿತು. ಮೂರು ನಿಮಿಷದ ಎರಡು ಸುತ್ತು, ಅಂಕ ಒಟ್ಟಿಗೆ ಸೇರಿಸಿ ಎಣಿಸುವುದು ಅಂತಾಯಿತು. ಮಹಿಳೆಯರ ತೂಕ ವಿಭಾಗ ನಾಲ್ಕರಿಂದ ಆರಕ್ಕೆ ಏರಿತು. ಸೆಪ್ಟೆಂಬರ್‌ನಲ್ಲಿ ಬ್ಯೂನಸ್ ಐರಿಸ್‌ನಲ್ಲಿ 2020ರ ಒಂದು ಜಾಗಕ್ಕೆ ಮತ ಹಾಕಿದಾಗ ಕುಸ್ತಿಗೆ 49, ಬೇಸ್‌ಬಾಲ್-ಸಾಫ್ಟ್‌ಬಾಲ್‌ಗೆ 24, ಸ್ಕ್ವಾಷ್‌ಗೆ 22. ಆ ಏಳು ತಿಂಗಳ ಭಯ ಕುಸ್ತಿಗೆ ಒಳ್ಳೆಯದನ್ನೇ ಮಾಡಿತು ಅಂತ ನನ್ನ ನಂಬಿಕೆ.

ಹಳೆಯದು ಅನ್ನುವುದೊಂದೇ ಅರ್ಹತೆ ಆಗಲಾರದು. ಹಗ್ಗಜಗ್ಗಾಟ 1900ರಿಂದ 1920ರವರೆಗೆ ಒಲಿಂಪಿಕ್ಸ್‌ನಲ್ಲಿತ್ತು. ಹಗ್ಗ ಹತ್ತುವ ಸ್ಪರ್ಧೆ 1932ರವರೆಗೂ ಇತ್ತು. ನಿಂತಲ್ಲಿಂದಲೇ ಜಿಗಿಯುವ ಸ್ಪರ್ಧೆಗಳೂ ಬಂದು ಹೋದವು. ಐದು ಬೇರೆ ಬೇರೆ ಸ್ಪರ್ಧೆ ಸೇರಿದ ಮಾಡರ್ನ್ ಪೆಂಟಾಥ್ಲಾನ್ 1912ರಿಂದ ಇದೆ, ಅದರಲ್ಲಿ ಸವಾರರಿಗೆ ಗುರುತೇ ಇಲ್ಲದ ಕುದುರೆ ಕೊಟ್ಟು, ಸುಮಾರು ಇಪ್ಪತ್ತು ನಿಮಿಷ ಒಗ್ಗಿಕೊಳ್ಳಲು ಬಿಟ್ಟು, ಬೇಲಿ ಹಾರಿಸುತ್ತಿದ್ದರು. ಟೋಕಿಯೊದಲ್ಲಿ ಮುಂದಿದ್ದ ಜರ್ಮನಿಯ ಸ್ಪರ್ಧಿಯ ಕುದುರೆ ಹಾರಲು ಒಪ್ಪಲಿಲ್ಲ, ಅವರು ಅಳುತ್ತಲೇ ಸವಾರಿ ಮಾಡಿದರು, ತಂಡದ ಕೋಚ್ ಕುದುರೆಗೆ ಗುದ್ದಿದರು. ಜಗತ್ತೆಲ್ಲ ನೋಡಿತು. 2028ಕ್ಕೆ ಕುದುರೆ ಸವಾರಿ ಹೋಗಿ ಅಡೆತಡೆಗಳ ಓಟ ಬರುತ್ತಿದೆ. ಇಷ್ಟು ತಡ ಆಗಬಾರದಿತ್ತು.

ಪ್ರಶ್ನೆ: 2028ಕ್ಕೆ ಕ್ರಿಕೆಟ್ ಬರುತ್ತಿದೆಯಲ್ಲ. ಅದಕ್ಕೆ ಆ ಅರ್ಹತೆ ಇದೆಯಾ?

ಉತ್ತರ: ಬರುತ್ತಿದೆ ಅನ್ನುವುದಕ್ಕಿಂತ ವಾಪಸು ಬರುತ್ತಿದೆ ಅನ್ನಿ. 1900ರ ಪ್ಯಾರಿಸ್‌ನಲ್ಲಿ ಒಂದೇ ಒಂದು ಪಂದ್ಯ ನಡೆದಿತ್ತು, ತಂಡಕ್ಕೆ 12 ಜನ, ಬ್ರಿಟನ್ ಫ್ರಾನ್ಸನ್ನು 158 ರನ್‌ಗಳಿಂದ ಸೋಲಿಸಿತು. ಈಗ ಟಿ20 ರೂಪದಲ್ಲಿ ಪುರುಷರ 6 ತಂಡ, ಮಹಿಳೆಯರ 6 ತಂಡ. ಮಹಿಳಾ ಕ್ರಿಕೆಟ್ ವಿಷಯದಲ್ಲಿ ನನಗೆ ಎರಡು ಮಾತಿಲ್ಲ, ಬರಲಿ. ಪುರುಷರದ್ದಕ್ಕೆ ನನ್ನ ಒಪ್ಪಿಗೆ ಅರ್ಧ. ಅತ್ಯುತ್ತಮ ಆಟಗಾರರೇ ಬರಬೇಕು, ಎರಡನೇ ಸಾಲಿನ ತಂಡ ಕಳಿಸಿದರೆ ಫುಟ್‌ಬಾಲ್‌ನ ಕತೆಯೇ ಆಗುತ್ತದೆ. ಆರು ತಂಡ ಅಂದರೆ ಬಾಗಿಲು ತೀರಾ ಕಿರಿದು. ಹೊಸ ದೇಶ ಯಾವುದೂ ಆ ಬಾಗಿಲಿನಿಂದ ಒಳಗೆ ಬರಲು ಆಗದಿದ್ದರೆ ಎಲ್ಲರೂ ಆಗಲೇ ನೋಡಿದ ಪಂದ್ಯಗಳನ್ನೇ ಇನ್ನೊಮ್ಮೆ ನೋಡಿದ ಹಾಗಾಗುತ್ತದೆ.

ಪ್ರಶ್ನೆ: ನನ್ನ ಮಗಳಿಗೆ ಹದಿನಾಲ್ಕು ವರ್ಷ, ಸ್ಕ್ವಾಷ್ ಆಡುತ್ತಾಳೆ. ಒಲಿಂಪಿಕ್ಸ್‌ಗೆ ಸೇರಿಸಿದ್ದಾರೆ ಅಂತ ಕುಣಿದಾಡಿದಳು. ಇಷ್ಟು ವರ್ಷ ಯಾಕೆ ಸೇರಿಸಿರಲಿಲ್ಲ? ಇನ್ನು ಮುಂದೆ ಖಾಯಂ ಇರುತ್ತದಾ?

ಉತ್ತರ: ಅವಳ ಸಂತೋಷ ನನಗೂ ಅರ್ಥ ಆಗುತ್ತದೆ, ಸ್ಕ್ವಾಷ್‌ನಷ್ಟು ಬಾಗಿಲಲ್ಲಿ ಕಾದ ಆಟ ಕಡಿಮೆ. 2005ರಲ್ಲಿ ಕರಾಟೆ ಜೊತೆ ಹೆಸರು ಮುಂದೆ ಬಂದಿತ್ತು, ಬೇಕಾದ ಮೂರನೇ ಎರಡರಷ್ಟು ಮತ ಸಿಗಲಿಲ್ಲ. 2016ರ ಜಾಗ ಗಾಲ್ಫ್ ಮತ್ತು ರಗ್ಬಿಗೆ ಹೋಯಿತು. 2020ರದ್ದು ಆಗಲೇ ಹೇಳಿದ ಹಾಗೆ ಕುಸ್ತಿಗೆ. ಟಿವಿಯಲ್ಲಿ ಚೆಂಡು ಕಾಣುವುದಿಲ್ಲ ಅನ್ನುವ ದೂರು ಹಳೆಯದು, ಅದಕ್ಕೆ ಅವರು ನಾಲ್ಕೂ ಕಡೆ ಗಾಜಿನ ಗೋಡೆ ಇರುವ ಕೋರ್ಟ್ ಕಟ್ಟಿದರು. ನನ್ನ ಅಳತೆಗೋಲಿನಲ್ಲಂತೂ ಸ್ಕ್ವಾಷ್‌ಗೆ ಪೂರ್ತಿ ಅಂಕ. ಅದನ್ನು ಆಡುವವರಿಗೆ ಇದಕ್ಕಿಂತ ದೊಡ್ಡ ವೇದಿಕೆ ಇಲ್ಲ.

ಖಾಯಮ್ಮಾ ಅಂದರೆ, ಅಲ್ಲ. 2014ರಲ್ಲಿ ತಂದ ಸುಧಾರಣೆಯ ಪ್ರಕಾರ ಆತಿಥೇಯ ನಗರ ತನ್ನ ಕೂಟಕ್ಕೆ ಹೆಚ್ಚುವರಿ ಆಟಗಳನ್ನು ಸೂಚಿಸಬಹುದು. ಲಾಸ್ ಏಂಜಲೀಸ್ ಸೂಚಿಸಿದ ಸ್ಕ್ವಾಷ್, ಕ್ರಿಕೆಟ್, ಲಾಕ್ರಾಸ್, ಫ್ಲ್ಯಾಗ್ ಫುಟ್‌ಬಾಲ್, ಬೇಸ್‌ಬಾಲ್-ಸಾಫ್ಟ್‌ಬಾಲ್‌ಗೆ 2023ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಅದು ಆ ಒಂದು ಕೂಟಕ್ಕೆ ಸಿಕ್ಕ ಜಾಗ. ಬ್ರೇಕಿಂಗ್ ನೃತ್ಯ ಪ್ಯಾರಿಸ್‌ಗೆ ಬಂತು, 2028ರ ಪಟ್ಟಿಯಲ್ಲಿ ಇಲ್ಲ. ಕರಾಟೆ ಟೋಕಿಯೊದಲ್ಲಿತ್ತು, ಪ್ಯಾರಿಸ್‌ನಲ್ಲಿ ಇರಲಿಲ್ಲ. ಹೀಗೆ ಬರಮಾಡಿಕೊಂಡು ಮರುಕೂಟದಲ್ಲೇ ಹೊರಗೆ ಕಳಿಸುವ ಪದ್ಧತಿ ನನಗೆ ಸ್ವಲ್ಪವೂ ಇಷ್ಟವಿಲ್ಲ. ಒಂದು ಆಟವನ್ನು ಸೇರಿಸಿದರೆ ಕನಿಷ್ಠ ಮೂರು ಕೂಟದ ಭರವಸೆ ಕೊಡಬೇಕು. ಹದಿನಾಲ್ಕರ ಹುಡುಗಿ ಜಗತ್ತಿನ ಮಟ್ಟಕ್ಕೆ ಬೆಳೆಯಲು ಎಂಟು ಹತ್ತು ವರ್ಷ ಬೇಕು, ಅಷ್ಟರಲ್ಲಿ ಪಟ್ಟಿಯೇ ಬದಲಾಗಿದ್ದರೆ ಅವಳು ಏನು ಮಾಡಬೇಕು?

ಅವಳ ಅಭ್ಯಾಸವನ್ನು ಒಲಿಂಪಿಕ್ಸ್ ಒಂದಕ್ಕೇ ಕಟ್ಟಿಹಾಕಬೇಡಿ. ವಿಶ್ವ ಚಾಂಪಿಯನ್‌ಷಿಪ್ ಇದೆ, ವೃತ್ತಿಪರ ಪಂದ್ಯಾವಳಿಗಳಿವೆ, ಸ್ಕ್ವಾಷ್ ಇಷ್ಟು ವರ್ಷ ಉಳಿದದ್ದು ಅವುಗಳಿಂದಲೇ. 2028ರಲ್ಲಿ ಅಲ್ಲಿರುವುದು ಸಿಂಗಲ್ಸ್ ಮಾತ್ರ. ಆ ಪಂದ್ಯಗಳನ್ನು ಅವಳ ಜೊತೆ ಕೂತು ನೋಡಿ. ಹೊಡೆತ ಮುಗಿಸಿದ ಮರುಕ್ಷಣ ಆಟಗಾರ್ತಿ ಕೋರ್ಟಿನ ನಡುವಿಗೆ ಹೇಗೆ ಮರಳುತ್ತಾಳೆ, ಎಷ್ಟು ಹೆಜ್ಜೆಯಲ್ಲಿ, ಅದನ್ನು ಎಣಿಸಲು ಮಗಳಿಗೆ ಹೇಳಿ.