ಜಿಂಕ್ ಮಾತ್ರೆ ಆಮೇಲೆ, ಮೊದಲು ಮೂತ್ರ ಪರೀಕ್ಷೆ ಮಾಡಿಸಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. ಹೋದ ತಿಂಗಳೂ ಅದೇ ಇತ್ತು. ಹಾಗಾಗಿ ಒಂದಕ್ಕೇ ಉದ್ದವಾಗಿ ಉತ್ತರಿಸುತ್ತೇನೆ.

*ನನಗೆ 62 ವರ್ಷ. 12 ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಬೆಂಗಳೂರಲ್ಲಿರುವ ಮಗ ಫುಲ್ ಬಾಡಿ ಚೆಕಪ್ ಮಾಡಿಸಿದ. ಕ್ರಿಯಾಟಿನಿನ್ (ಕಿಡ್ನಿ ರಕ್ತದಿಂದ ಸೋಸಿ ಹೊರಹಾಕುವ ಕಸ) 1.6, ಜಿಂಕ್ ಕಮ್ಮಿ ಅಂತ ಬಂದಿದೆ. ಜಿಂಕ್, ಕ್ರೋಮಿಯಂ, ಸೆಲೆನಿಯಂ ಇರುವ ಮಾತ್ರೆ ತಗೊಂಡರೆ ಕಿಡ್ನಿ ಸರಿಹೋಗುತ್ತಾ? – ಗೋಣಿಕೊಪ್ಪದ ಓದುಗರು*

ಸರಿಹೋಗುವುದಿಲ್ಲ. ನೀವು ಕಳಿಸಿದ ರಿಪೋರ್ಟನ್ನು ಎರಡು ಸಲ ತಿರುವಿ ನೋಡಿದೆ. ವಿಟಮಿನ್ ಇದೆ, ಥೈರಾಯ್ಡ್ ಇದೆ, ಖನಿಜಗಳ ಒಂದು ಪುಟವೇ ಇದೆ. ಮೂತ್ರದಲ್ಲಿ ಅಲ್ಬುಮಿನ್ ಎಷ್ಟು ಹೋಗುತ್ತಿದೆ ಅನ್ನುವುದು ಮಾತ್ರ ಇಲ್ಲ. 12 ವರ್ಷದಲ್ಲಿ ಒಂದು ಸಲವಾದರೂ ಮಾಡಿಸಿದ್ದೀರಾ? ವರ್ಷಕ್ಕೊಮ್ಮೆ ಮಾಡಿಸಲೇಬೇಕಾದ ಪರೀಕ್ಷೆ ಅದು.

ರಕ್ತದ ತಿಳಿಭಾಗದಲ್ಲಿ, ಅಂದರೆ ಪ್ಲಾಸ್ಮಾದಲ್ಲಿ, ಇರುವ ಜಿಂಕ್‌ನ ದೊಡ್ಡ ಪಾಲು ಅಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡೇ ಓಡಾಡುತ್ತದೆ. ಕಿಡ್ನಿಯ ಜರಡಿ ಸವೆದು ಅಲ್ಬುಮಿನ್ ಸೋರಿದರೆ ಜಿಂಕೂ ಅದರ ಹಿಂದೆಯೇ ಹೋಗುತ್ತದೆ. ಸಕ್ಕರೆ ಹತೋಟಿ ತಪ್ಪಿ ಪದೇ ಪದೇ ಮೂತ್ರ ಹೋದರೂ ಇಳಿಯುತ್ತದೆ, ಮೈಯಲ್ಲಿ ಸೋಂಕಿದ್ದರೂ ಇಳಿಯುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಜಿಂಕ್ ಕಮ್ಮಿ ಇರುವುದು ನಿಜ. ಆದರೆ ಅದು ಕಮ್ಮಿಯಾದ್ದರಿಂದಲೇ ಕಿಡ್ನಿ ಕೆಟ್ಟಿತು ಅನ್ನಲು ಬರುವುದಿಲ್ಲ. ತೋಟದ ಪೈಪು ಒಡೆದಿದೆ, ನೀವು ಟ್ಯಾಂಕಿಗೆ ನೀರು ತುಂಬಿಸುತ್ತಾ ಕೂತಿದ್ದೀರಿ.

ಸುಮ್ನೆ ತಗೊಂಡರೆ ನಷ್ಟವೇನು ಅಂತ ಕೇಳುತ್ತೀರಿ. ನಷ್ಟ ಇದೆ. ಕ್ರೋಮಿಯಂ ಪಿಕೊಲಿನೇಟನ್ನು ಜಾಸ್ತಿ ತಗೊಂಡು ಕಿಡ್ನಿ ಕೆಟ್ಟ ಪ್ರಕರಣಗಳು 1990ರ ದಶಕದಲ್ಲೇ ವರದಿಯಾಗಿವೆ. ಅಮೆರಿಕದಲ್ಲಿ ವರ್ಷಗಟ್ಟಲೆ ದಿನಕ್ಕೆ 200 ಮೈಕ್ರೋಗ್ರಾಂ ಸೆಲೆನಿಯಂ ತಗೊಂಡವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚೇ ಬಂತು ಅಂತ 2007ರಲ್ಲಿ ಪ್ರಕಟವಾಯಿತು. ಜಿಂಕ್ ಅತಿಯಾದರೆ ಮೈಗೆ ತಾಮ್ರ ಸೇರುವುದಿಲ್ಲ, ರಕ್ತಹೀನತೆ ಬರುತ್ತದೆ. ಕಿಡ್ನಿ ಸೋತವರಲ್ಲಿ ಮೆಗ್ನೀಸಿಯಂ ಹೊರಗೆ ಹೋಗದೆ ರಕ್ತದಲ್ಲೇ ಉಳಿಯುತ್ತದೆ.

ಕಳೆದ ಮಳೆಗಾಲದಲ್ಲಿ ಕಾಫಿ ಬೆಳೆಗಾರರೊಬ್ಬರು ಬಟ್ಟೆ ಚೀಲ ತಂದು ನನ್ನ ಮೇಜಿನ ಮೇಲೆ ಸುರಿದರು. ಐದು ಡಬ್ಬಿ. ಒಂದೊಂದೇ ಲೇಬಲ್ ಓದಿದೆ. ಮೂರರಲ್ಲಿ ಜಿಂಕ್ ಇತ್ತು, ಕೂಡಿಸಿದರೆ ದಿನಕ್ಕೆ 90 ಮಿಲಿಗ್ರಾಂ. ದೊಡ್ಡವರಿಗೆ 40 ದಾಟಬಾರದು. ಬಿಪಿ ಮಾತ್ರೆ ಎಲ್ಲಿ ಅಂದೆ. "ಅದು ಅಭ್ಯಾಸ ಆಗಿಬಿಡುತ್ತೆ ಅಂತ ಬಿಟ್ಟೆ ಡಾಕ್ಟ್ರೇ" ಅಂದರು. ಕಿಡ್ನಿ ಕಾಯುತ್ತಿದ್ದದ್ದು ಅದೊಂದೇ. ಇವತ್ತಿಗೂ ನನಗೆ ಅದನ್ನು ನೆನೆದರೆ ಸಂಕಟವಾಗುತ್ತದೆ.

ನಿಮ್ಮ ವಯಸ್ಸಿನ ಗಂಡಸಿಗೆ ಕ್ರಿಯಾಟಿನಿನ್ 1.6 ಅಂದರೆ ಕಿಡ್ನಿ ಸೋಸುವ ಶಕ್ತಿ, ಅಂದರೆ ಇಜಿಎಫ್‌ಆರ್, ಸುಮಾರು 48. ಮೂರು ತಿಂಗಳು 60ಕ್ಕಿಂತ ಕೆಳಗೇ ಉಳಿದರೆ ಅದು ಕಿಡ್ನಿ ಕಾಯಿಲೆಯೇ. ಬೆಳಗಿನ ಮೊದಲ ಮೂತ್ರ ಕೊಟ್ಟು ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ ನೋಡಿಸಿ. ಮಿಲಿಗ್ರಾಂ/ಗ್ರಾಂ ಲೆಕ್ಕದಲ್ಲಿ 30ರ ಕೆಳಗಿದ್ದರೆ ಸರಿ. 30ರಿಂದ 300 ಇದ್ದರೆ ಎಚ್ಚರ, ಇನ್ನೊಂದೆರಡು ಸಲ ಮಾಡಿಸಿ ಖಚಿತ ಮಾಡಿಕೊಳ್ಳಬೇಕು. 300 ದಾಟಿದ್ದರೆ ತಡ ಮಾಡಬೇಡಿ. ಬಿಪಿ 130/80ರೊಳಗೆ ಇರಲಿ. ಟೆಲ್ಮಿಸಾರ್ಟನ್ (ಬಿಪಿ ಮಾತ್ರೆ), ಡಪಾಗ್ಲಿಫ್ಲೋಜಿನ್ (ಸಕ್ಕರೆ ಮಾತ್ರೆ) ನಿಮಗೆ ಆಗುತ್ತಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಕಿಡ್ನಿ ಉಳಿಸುತ್ತವೆ ಅಂತ ದೊಡ್ಡ ಪ್ರಯೋಗಗಳಲ್ಲಿ ಸಾಬೀತಾಗಿರುವುದು ಇಂಥ ಔಷಧಿಗಳು. ನೀವೇ ಅಂಗಡಿಯಿಂದ ತಂದು ಶುರು ಮಾಡಬೇಡಿ. ಮಂಡಿ ನೋವಿಗೆ ಅಂತ ನೋವಿನ ಮಾತ್ರೆ ನುಂಗುತ್ತಿದ್ದರೆ ಇವತ್ತೇ ನಿಲ್ಲಿಸಿ, ಅದು ಕಿಡ್ನಿಗೆ ಪೆಟ್ಟು.

ಇನ್ನುಳಿದವು.

ಕಾಚಂಪುಳಿ (ಕೊಡಗಿನ ಅಡುಗೆಯ ಕಪ್ಪು ಹುಳಿರಸ) ದಿನಾ ಒಂದು ಚಮಚ ಕುಡಿಯಬಹುದಾ ಅಂತ ನಾಪೋಕ್ಲಿನಿಂದ ಕೇಳಿದ್ದಾರೆ. ಅಡುಗೆಗೆ ಹಾಕಿ, ಔಷಧಿ ಅಂತ ಕುಡಿಯಬೇಡಿ.

ಬಿಂಬುಳಿ ರಸ, ಕಮರಾಕ್ಷಿ ರಸ ಸಕ್ಕರೆಗೆ ಒಳ್ಳೇದಂತೆ ಅಂದವರು ಮೂವರು. ಅದರಲ್ಲಿರುವ ಆಕ್ಸಲೇಟ್ ಕಿಡ್ನಿಯ ನಳಿಕೆಗಳಲ್ಲಿ ಹರಳುಗಟ್ಟಿ ಕೆಲವೇ ದಿನಗಳಲ್ಲಿ ಡಯಾಲಿಸಿಸ್‌ಗೆ ತಂದುಬಿಡಬಹುದು. ಬೇಡವೇ ಬೇಡ.

ಲೇಬಲ್ಲೇ ಇಲ್ಲದ ಪುಡಿ, ಭಸ್ಮ ಕೊಟ್ಟು "ಇನ್ಸುಲಿನ್ ಬಿಡಿಸುತ್ತೇನೆ" ಅನ್ನುವವರ ಮನೆ ಮೆಟ್ಟಿಲು ಹತ್ತಬೇಡಿ. ಅಂಥವುಗಳಲ್ಲಿ ಸೀಸ, ಪಾದರಸ ಸಿಕ್ಕಿದೆ.

ಮದ್ದು ಸೊಪ್ಪಿನ ಪಾಯಸ ತಿಂದ ಮಾರನೇ ದಿನ ಮೂತ್ರ ಕೆಂಪಗೆ ಹೋಯಿತು, ಕಿಡ್ನಿ ಹೋಯಿತಾ ಅಂತ ವಿರಾಜಪೇಟೆಯ ಅಕ್ಕ ಗಾಬರಿಯಾಗಿದ್ದಾರೆ. ಇಲ್ಲ ಅಕ್ಕ, ಅದು ಸೊಪ್ಪಿನ ಬಣ್ಣ. ಮದ್ದು ಸೊಪ್ಪು ತಿನ್ನುವ ಕಕ್ಕಡ 18ರ (ಕೊಡವರ ಕಕ್ಕಡ ತಿಂಗಳ 18ನೇ ದಿನ) ಆಸುಪಾಸು ಮೂತ್ರ ಪರೀಕ್ಷೆ ಇಟ್ಟುಕೊಳ್ಳಬೇಡಿ, ಬಣ್ಣ ಪೂರ್ತಿ ಹೋದ ಮೇಲೆ ಕೊಡಿ. ಎರಡು ಮೂರು ದಿನವಾದರೂ ಹೋಗದಿದ್ದರೆ, ಅಥವಾ ಸೊಪ್ಪು ತಿನ್ನದೆಯೇ ಕೆಂಪಗೆ ಹೋದರೆ, ಅವತ್ತೇ ಆಸ್ಪತ್ರೆಗೆ ಬನ್ನಿ.